ಹಬ್ಬದ ರಾತ್ರಿ ನಾಯಿಗೊಂದು ಮೂಲೆ

ಪ್ರಶ್ನೆ: ದೀಪಾವಳಿ ಬಂತೆಂದರೆ ನಮ್ಮ ನಾಯಿ ಕರಿಯ ಗಡಗಡ ನಡುಗುತ್ತಾನೆ, ಅನ್ನ ಮುಟ್ಟುವುದಿಲ್ಲ. ಹಬ್ಬದ ದಿನ ಅತ್ತೆ ನಾಯಿಯನ್ನು ಒಳಗೆ ಸೇರಿಸುವುದಿಲ್ಲ, ಜಗಲಿ ಕಂಬಕ್ಕೆ ಕಟ್ಟಿರುತ್ತೇವೆ. ಅರ್ಧ ನಿದ್ದೆ ಮಾತ್ರೆ ಕೊಡಬಹುದಾ? ಮನೆಯಲ್ಲಿ ಬೆಕ್ಕೂ ಇದೆ. ಹಬ್ಬ ಮುಗಿಯುವವರೆಗೆ ಅದು ಕಣ್ಣಿಗೇ ಬೀಳುವುದಿಲ್ಲ.
– ಒಬ್ಬ ಗೃಹಿಣಿ, ತೀರ್ಥಹಳ್ಳಿ

ಉತ್ತರ: ಮಾತ್ರೆ ಬೇಡ ತಂಗಿ. ನಮ್ಮ ಮಾತ್ರೆಯ ಅಳತೆ ಅವುಗಳಿಗೆ ಹೊಂದುವುದಿಲ್ಲ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ, ಒಂದೇ ಮಾತ್ರೆಗೆ ಜೀವ ಹೋಗಬಹುದು. ಕರಿಯನಿಗೆ ಔಷಧಿ ಬೇಕೇ ಬೇಕು ಅನ್ನಿಸಿದರೆ ಹಬ್ಬಕ್ಕೆ ಒಂದು ವಾರ ಮೊದಲೇ ದನದ ಡಾಕ್ಟರಿಗೆ ತೋರಿಸಿ. ತೂಕ ನೋಡಿ ಕೊಡುತ್ತಾರೆ.

ನನಗೆ ಎದೆ ಧಸಕ್ಕೆಂದದ್ದು ಆ ಜಗಲಿ ಕಂಬದ ಮಾತು ಓದಿ. ನಾವೂ ಹಾಗೇ ಕಟ್ಟುತ್ತಿದ್ದೆವು. ಒಂದು ವರ್ಷ ನಮ್ಮ ಕೆಂಚ ಪಟಾಕಿ ಸರದ ಸದ್ದಿಗೆ ಕೊರಳ ಬೆಲ್ಟ್ ಕಿತ್ತುಕೊಂಡು ಓಡಿದ. ಮೂರನೇ ದಿನ ಸಿಕ್ಕಿದ್ದು ತೋಟದಾಚೆ ರಸ್ತೆಯ ಮೋರಿಯೊಳಗೆ. ಪಾದದ ಚರ್ಮ ಕಿತ್ತುಹೋಗಿತ್ತು, ಸರಪಳಿ ಕಚ್ಚಿ ಕಚ್ಚಿ ಒಂದು ಹಲ್ಲು ಮುರಿದಿತ್ತು. ಕರೆದರೆ ಬಾಲ ಅಲ್ಲಾಡಿಸುತ್ತಾನೆ, ಹೊರಗೆ ಬರಲು ಮಾತ್ರ ಧೈರ್ಯವಿಲ್ಲ. ಮೋರಿ ಬಾಯಲ್ಲಿ ಕೂತು ಅತ್ತುಬಿಟ್ಟೆ. ಚಿರತೆ ಓಡಾಡುವ ಊರು ನಮ್ಮದು, ಸಿಕ್ಕಿದ್ದೇ ಪುಣ್ಯ.

ನಮಗೆ 20,000 ಹರ್ಟ್ಸ್‌ವರೆಗಿನ ಸದ್ದಷ್ಟೇ ಕೇಳುತ್ತದೆ. ನಾಯಿಗೆ ಸುಮಾರು 45,000ದವರೆಗೂ, ಬೆಕ್ಕಿಗೆ ಅದಕ್ಕಿಂತ ಜಾಸ್ತಿಯೂ ಕೇಳುತ್ತದೆ. ರಾಕೆಟ್ಟಿನ ಸಿಳ್ಳೆ ಅವುಗಳ ಕಿವಿಗೆ ಹೇಗಿರಬೇಡ! ಹೆದರಿದ ಪ್ರಾಣಿ ಮೂಲೆ ಹುಡುಕುತ್ತದೆ. ನಾವು ಕೊಡದಿದ್ದರೆ ಮೋರಿಯೇ ಗತಿ.

ಅತ್ತೆಯವರ ಮಡಿಯೂ ಉಳಿಯಲಿ. ಸೌದೆ ಕೊಟ್ಟಿಗೆಯೋ ಅಡಿಕೆ ಮೂಟೆ ಇಡುವ ಕೋಣೆಯೋ ಇರುತ್ತದೆ ಅಲ್ವಾ? ನೀರು ತುಂಬುವ ಹಬ್ಬಕ್ಕೆ ನಾಲ್ಕು ದಿನ ಮೊದಲೇ ಅಲ್ಲಿ ಗೋಣಿಚೀಲ ಹಾಸಿ, ನಿಮ್ಮದೊಂದು ಹಳೇ ಸೀರೆ ಹಾಕಿ, ಅನ್ನವನ್ನೂ ಅಲ್ಲೇ ಕೊಡಿ. ಹಬ್ಬದ ಸಂಜೆ ಬೆಳಕಿರುವಾಗಲೇ ಒಂದು ಸುತ್ತು ತಿರುಗಾಡಿಸಿ ಒಳಗೆ ಬಿಡಿ. ಕಟ್ಟಬೇಡಿ, ಚಿಲಕ ಹಾಕಿ ಸಾಕು. ರೇಡಿಯೊ ಹಚ್ಚಿಡಿ. ನಡುಗಿದರೆ ಗದರಬೇಡಿ, ಪಕ್ಕದಲ್ಲಿ ಕೂತು ಬೆನ್ನು ಸವರಿ. ಮುದ್ದು ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತದೆ ಅನ್ನುವುದು ಸುಮ್ನೆ ಮಾತು. ರಾತ್ರಿ ದೀಪ ಹಿಡಿದು ಮನೆಮನೆ ಸುತ್ತುವ ಅಂಟಿಗೆ-ಪಂಟಿಗೆಯವರು ಹಾಡುತ್ತಾ ಬಂದಾಗ ಮನೆಯವರೆಲ್ಲ ದೀಪದ ಹತ್ತಿರ ಇರುತ್ತೇವೆ. ನಾಯಿ ನುಸುಳುವುದು ಆಗಲೇ. ಬಾಗಿಲು ತೆರೆಯುವ ಮೊದಲು ಆ ಚಿಲಕ ಇನ್ನೊಮ್ಮೆ ನೋಡಿ.

ಪಕ್ಕದ ಮನೆ ಹುಡುಗರಿಗೂ ಹೇಳಿ. ಪಟಾಕಿ ರಾತ್ರಿ 8ರಿಂದ 10ರೊಳಗೆ ಮಾತ್ರ ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಬೆಕ್ಕು ಅಟ್ಟ ಹತ್ತಿ ಕೂತರೆ ಕೂರಲಿ, ಎಳೆದು ಇಳಿಸಬೇಡಿ. ಆದರೆ ಒಂದು ಜಾಗ ನೋಡಲೇಬೇಕು, ಬಚ್ಚಲ ಒಲೆ. ಎಣ್ಣೆ ಸ್ನಾನಕ್ಕೆಂದು ಕತ್ತಲಲ್ಲೇ ಎದ್ದು ಒಲೆ ಹಚ್ಚುತ್ತೇವೆ. ಹೆದರಿದ ಬೆಕ್ಕು ರಾತ್ರಿಯೆಲ್ಲ ಆ ಬಿಸಿ ಬೂದಿಯಲ್ಲೇ ಮುದುಡಿ ಮಲಗಿರುತ್ತದೆ. ನಮ್ಮಮ್ಮ ಸೋಗೆ ತುರುಕುವ ಮೊದಲು ಊದುಗೊಳವೆಯಿಂದ ಹಂಡೆಗೆ ಎರಡು ಸಲ ಕುಟ್ಟುತ್ತಿದ್ದರು. ಒಮ್ಮೆ ಮೀಸೆಗೆಲ್ಲ ಬೂದಿ ಮೆತ್ತಿಕೊಂಡು ಒಂದು ಮರಿ ಹೊರಗೆ ಬಂದದ್ದನ್ನು ನಾನೇ ನೋಡಿದ್ದೇನೆ. ಈಗ ನಾನು ಕುಟ್ಟುತ್ತೇನೆ, ಟಾರ್ಚ್ ಬಿಟ್ಟೂ ನೋಡುತ್ತೇನೆ.

ಎಲೆ ಎತ್ತಿದ ಮೇಲೆ ಉಳಿದದ್ದನ್ನೆಲ್ಲ ಕರಿಯನಿಗೆ ಸುರಿಯಬೇಡಿ. ಪಾಯಸದ ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ. ಈರುಳ್ಳಿ, ಚಾಕೊಲೇಟ್ ಕೂಡ ಬೇಡ. ಬೆಳಿಗ್ಗೆ ಅಂಗಳದ ಪಟಾಕಿ ಚೂರು ಗುಡಿಸಿ ಆಮೇಲೆ ಅವನನ್ನು ಬಿಡಿ. ಒಂದು ಹೊತ್ತು ಅನ್ನ ಬಿಟ್ಟರೆ ಗಾಬರಿ ಬೇಡ. ಮಾರನೇ ದಿನವೂ ಮುಟ್ಟದಿದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.