ನೋಟಿಸು ಕಂಪ್ಯೂಟರ್ ಕಳಿಸುತ್ತದೆ, ಉತ್ತರ ಓದುವವರು ಯಾರು?

ಶ್ರೀರಾಂಪುರದ ಓದುಗರೇ,

ನಿಮ್ಮ ಪತ್ರ ಸಿಕ್ಕಿತು. 2025ರ ಜುಲೈನಲ್ಲಿ ನಿಮ್ಮ ತಂದೆಯವರ ಕಾಂಡಿಮೆಂಟ್ಸ್ ಅಂಗಡಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಬಂದಿದ್ದು, ಅವರು ಊಟ ನಿದ್ದೆ ಬಿಟ್ಟು ಕೂತಿದ್ದು, ಎಲ್ಲ ಬರೆದಿದ್ದೀರಿ. ಕೊನೆಗೆ ಕೇಳಿದ್ದೀರಿ: "ಎಲ್ಲ ಆನ್‌ಲೈನ್ ಆದ ಮೇಲೂ ತೆರಿಗೆ ಇಲಾಖೆಗೆ ಇಷ್ಟೊಂದು ನೌಕರರು ಯಾಕೆ? ಆ ಸಂಬಳದ ದುಡ್ಡನ್ನೂ ಕಂಪ್ಯೂಟರ್‌ಗೇ ಹಾಕಿದರೆ ತಪ್ಪೂ ಆಗಲ್ಲ, ಲಂಚವೂ ಇರಲ್ಲ ಅಲ್ವಾ?"

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ನೋಟಿಸು ಹುಟ್ಟಿದ್ದೇ ಕಂಪ್ಯೂಟರ್ ಲೆಕ್ಕದಿಂದ. ಯುಪಿಐ ಮೂಲಕ 2021-22ರಿಂದ ಅಂಗಡಿಗಳಿಗೆ ಬಂದ ಹಣದ ವಿವರವನ್ನು ಇಲಾಖೆ ತರಿಸಿಕೊಂಡಿತು. ಜಿಎಸ್‌ಟಿ ನೋಂದಣಿಯ ಮಿತಿ ದಾಟಿದವರನ್ನು ಸೋಸಿ ನೋಟಿಸು ಕಳಿಸಿತು. ಆಮೇಲೆ ಊರೆಲ್ಲ ಸ್ಕ್ಯಾನರ್ ಕಿತ್ತು "ಕ್ಯಾಶ್ ಮಾತ್ರ" ಎಂದು ಬರೆದು ಅಂಟಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕರೆಸಿ ಮಾತಾಡಬೇಕಾಯಿತು.

ನಿಮ್ಮ ಅಂಗಡಿಯನ್ನೇ ನೋಡಿ. ಗಲ್ಲಾಪೆಟ್ಟಿಗೆಯ ಪಕ್ಕದ ಆ ಒಂದು ಸ್ಕ್ಯಾನರ್‌ಗೆ ಹಾಲಿನ ದುಡ್ಡು ಬರುತ್ತದೆ, ಬ್ರೆಡ್ಡಿನದು ಬರುತ್ತದೆ, ಬಿಸ್ಕತ್ತು ಸೋಪಿನದೂ ಬರುತ್ತದೆ. ಚೀಟಿ ದುಡ್ಡು, ನಿಮ್ಮ ಚಿಕ್ಕಪ್ಪ ಕೈಗಡ ವಾಪಸ್ ಕೊಟ್ಟಿದ್ದು ಕೂಡ ಅಲ್ಲಿಗೇ ಬಂತು ಎಂದು ನೀವೇ ಬರೆದಿದ್ದೀರಿ. ಬ್ಯಾಂಕ್ ಲೆಕ್ಕದಲ್ಲಿ ಇದೆಲ್ಲ ಬರೀ "ಜಮೆ". ಇದರಲ್ಲಿ ಕೈಗಡ, ಚೀಟಿ ವ್ಯಾಪಾರವೇ ಅಲ್ಲ. ಹಾಲು, ಬ್ರೆಡ್ಡಿಗೆ ಜಿಎಸ್‌ಟಿ ಇಲ್ಲ. ಹಾಗಂತ ಹಾಲನ್ನು ಪೂರ್ತಿ ಬಿಡುವ ಹಾಗೂ ಇಲ್ಲ. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಡ, ನಿಜ. ಆದರೆ ಜೊತೆಗೆ ಬಿಸ್ಕತ್ತೂ ಮಾರಿದರೆ ನೋಂದಣಿಗೆ ವರ್ಷಕ್ಕೆ 40 ಲಕ್ಷದ ಮಿತಿ ನೋಡುವಾಗ ಹಾಲಿನ ವ್ಯಾಪಾರವನ್ನೂ ಸೇರಿಸಬೇಕು. ತೆರಿಗೆ ಮಾತ್ರ ಬಿಸ್ಕತ್ತಿಗೆ. ಅಲ್ಲೇ ಟೀ ಮಾಡಿ ಕೊಟ್ಟರೆ ಅದು ಸೇವೆ, ಮಿತಿ 20 ಲಕ್ಷ.

ಇದನ್ನು ಬಿಡಿಸಿ ನೋಡಲು ಕಾನೂನೂ ಗೊತ್ತಿರಬೇಕು, ಒಂದು ಕಾಂಡಿಮೆಂಟ್ಸ್ ಹೇಗೆ ನಡೆಯುತ್ತದೆ ಅಂತಲೂ ಗೊತ್ತಿರಬೇಕು. ಅಂಥವರು ನೋಟಿಸು ಹೋಗುವ ಮುಂಚೆ ಪಟ್ಟಿಯನ್ನು ಒಮ್ಮೆ ನೋಡಿದ್ದರೆ, ತರಕಾರಿಯವರಿಗೆ ಲಕ್ಷಗಟ್ಟಲೆ ಬಾಕಿಯ ನೋಟಿಸು ಹೋಗುತ್ತಿರಲಿಲ್ಲ. ನನ್ನ ವಾದ ಇಷ್ಟೇ: ಕಂಪ್ಯೂಟರ್ ಜಾಸ್ತಿಯಾದಷ್ಟೂ ಅದು ಹೇಳಿದ್ದನ್ನು ಓದುವ ಪಳಗಿದ ನೌಕರರೂ ಜಾಸ್ತಿ ಬೇಕು. ಖಾಲಿ ಹುದ್ದೆಗಳನ್ನು ಹಾಗೇ ಬಿಟ್ಟು, ಇರುವವರನ್ನು ಕೆಲಸ ಕಲಿಯುವಷ್ಟರಲ್ಲಿ ವರ್ಗ ಮಾಡಿ, ಸಾಫ್ಟ್‌ವೇರ್‌ಗೆ ಮಾತ್ರ ದುಡ್ಡು ಸುರಿದರೆ ಅದು ಉಳಿತಾಯ ಅಲ್ಲ.

ಕಂಪ್ಯೂಟರ್ ಬೇಡ ಅಂತ ಖಂಡಿತ ಹೇಳುತ್ತಿಲ್ಲ. ಆದಾಯ ತೆರಿಗೆ ರಿಟರ್ನ್‌ಗಳನ್ನು ಪರಿಶೀಲಿಸುವ ಕೇಂದ್ರ 2009ರಲ್ಲಿ ಶುರುವಾಗಿದ್ದು ನಮ್ಮ ಬೆಂಗಳೂರಲ್ಲೇ. ಕಟ್ಟಿದ ತೆರಿಗೆಗೂ ತೋರಿಸಿದ ಲೆಕ್ಕಕ್ಕೂ ತಾಳೆ ನೋಡುವ ಕೆಲಸ ಯಂತ್ರದ್ದೇ. ರೀಫಂಡ್‌ಗಾಗಿ ಕಚೇರಿ ಅಲೆಯುವುದು ಎಷ್ಟು ತಪ್ಪಿತು ನೋಡಿ. ಸರಕು ಸಾಗಣೆಯ ಇ-ವೇ ಬಿಲ್ಲನ್ನು ದೇಶದಲ್ಲಿ ಮೊದಲು ಜಾರಿ ಮಾಡಿದ್ದೂ ಕರ್ನಾಟಕ, 2017ರ ಸೆಪ್ಟೆಂಬರ್‌ನಲ್ಲಿ. ಅದು ಒಮ್ಮೆಲೇ ಆಗಿದ್ದಲ್ಲ. ಜಿಎಸ್‌ಟಿಗೂ ಮುಂಚೆಯೇ ಇಲ್ಲಿ ಸರಕು ಸಾಗಣೆಯ ವಿವರವನ್ನು ಆನ್‌ಲೈನಲ್ಲಿ ಕೊಡುವ ಇ-ಸುಗಮ್ ಇತ್ತು. ಅದನ್ನು ವರ್ಷಗಟ್ಟಲೆ ನಡೆಸಿದ ಅನುಭವ ಇಲಾಖೆಯ ಒಳಗೇ ಇತ್ತು.

ದುಡ್ಡಿನ ಮಾತಿಗೆ ಬರೋಣ. ಆದಾಯ ತೆರಿಗೆ ಇಲಾಖೆ 2023-24ರಲ್ಲಿ 100 ರೂಪಾಯಿ ತೆರಿಗೆ ಸಂಗ್ರಹಿಸಲು ಖರ್ಚು ಮಾಡಿದ್ದು 44 ಪೈಸೆ. ಅದರಲ್ಲೇ ಸಂಬಳ, ಬಾಡಿಗೆ, ಕಂಪ್ಯೂಟರ್ ಎಲ್ಲ. ಇದರಲ್ಲಿ ಇನ್ನೂ ಎರಡು ಪೈಸೆ ಉಳಿಸಿದರೆ ಬಜೆಟ್ಟಿಗೆ ಏನೂ ಆಗಲ್ಲ. ಎರಡು ಪೈಸೆ ಹೆಚ್ಚು ಕೊಟ್ಟು ಒಳ್ಳೆಯ ತರಬೇತಿ, ಫೋನ್ ಎತ್ತಿ ಕನ್ನಡದಲ್ಲಿ ಉತ್ತರ ಹೇಳುವ ಜನ ಸಿಕ್ಕರೆ ನಿಮ್ಮ ತಂದೆಯಂಥವರಿಗೆ ದೊಡ್ಡ ಉಪಕಾರ. ಸಾಫ್ಟ್‌ವೇರ್‌ಗೆ ದುಡ್ಡು ಸುರಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅನ್ನುವುದೂ ಸುಳ್ಳು. 4,242 ಕೋಟಿ ಮಂಜೂರಾಗಿದ್ದ ಯೋಜನೆಯ ಭಾಗವಾಗಿ 2021ರ ಜೂನ್‌ನಲ್ಲಿ ಬಂದ ಆದಾಯ ತೆರಿಗೆ ಪೋರ್ಟಲ್ ತಿಂಗಳುಗಟ್ಟಲೆ ಸತಾಯಿಸಿತು. ರಿಟರ್ನ್ ಸಲ್ಲಿಸುವ ಗಡುವನ್ನು ಡಿಸೆಂಬರ್ 31ರವರೆಗೆ ತಳ್ಳಬೇಕಾಯಿತು.

ಲಂಚದ ವಿಷಯದಲ್ಲಿ ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಅಧಿಕಾರಿ ಮತ್ತು ವ್ಯಾಪಾರಿ ಮುಖಾಮುಖಿ ಆಗದ ಹಾಗೆ ಮಾಡುವುದು ಒಳ್ಳೆಯದು. ಆದಾಯ ತೆರಿಗೆಯಲ್ಲಿ ಅಂಥ ಪದ್ಧತಿ ಬಂದಿದೆ. ಅಲ್ಲೂ ಕಡತ ಓದುವುದು ಮನುಷ್ಯರೇ. ಯಾವ ಊರಿನ ಯಾರು ಓದುತ್ತಿದ್ದಾರೆ ಅನ್ನುವುದು ನಮಗೆ ಗೊತ್ತಾಗಲ್ಲ, ಅಷ್ಟೇ.

ಈಗ ನಿಮ್ಮ ತಂದೆಯವರ ಕೆಲಸ. ನೋಟಿಸಿಗೆ ಇನ್ನೂ ಉತ್ತರ ಕೊಟ್ಟಿಲ್ಲ ಎಂದಿದ್ದೀರಿ. ಸುಮ್ನೆ ಇರಬೇಡಿ, ಉತ್ತರ ಇಲ್ಲದಿದ್ದರೆ ಇಲಾಖೆ ತನ್ನ ಲೆಕ್ಕದ ಮೇಲೇ ತೆರಿಗೆ ಹಾಕಬಹುದು. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ವರ್ಷವಾರು ಕೈಗಡ, ಚೀಟಿ ಬೇರೆ ಮಾಡಿ. ಹಾಲು, ಬ್ರೆಡ್ ಏಜೆನ್ಸಿಯ ಬಿಲ್ಲುಗಳನ್ನು ಜೋಡಿಸಿ, ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ವ್ಯಾಪಾರ ನಿಜವಾಗಿಯೂ 40 ಲಕ್ಷ ದಾಟಿದ್ದರೆ ಮುಂದಕ್ಕೆ ರಾಜಿ ತೆರಿಗೆಗೆ (ಕಾಂಪೊಸಿಷನ್ ಸ್ಕೀಮ್, ಅಂದರೆ ವ್ಯಾಪಾರದ ಮೇಲೆ ಒಂದೇ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಪದ್ಧತಿ) ಸೇರಬಹುದು. ವರ್ಷಕ್ಕೆ 1.5 ಕೋಟಿವರೆಗೆ ಅವಕಾಶ ಇದೆ, ಸರಕು ಮಾರುವವರಿಗೆ ಶೇ 1. ಆ ತೆರಿಗೆಯನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವ ಹಾಗಿಲ್ಲ, ಅದನ್ನು ಮಾತ್ರ ಮರೆಯಬೇಡಿ. ಮತ್ತೆ ಚೀಟಿ ದುಡ್ಡಿಗೆ ಬೇರೆ ಖಾತೆ ಇಟ್ಟುಕೊಳ್ಳಲು ಹೇಳಿ.

– ಸಂ.