ಚಾಕುವಿನ ಹಿಡಿಗೆ ಯಾವ ಅಂಟು?

ಕಳೆದ ಸಲ ಅಲಗನ್ನು ಕಾಯಿಸಿ ಹದ ಹಾಕುವ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹಿಡಿಯ ಬಗ್ಗೆ, ಅದರಲ್ಲೂ ಅಂಟಿನ ಬಗ್ಗೆ. ಅಲಗು ಉಜ್ಜುತ್ತಾ ವಾರಗಟ್ಟಲೆ ಕೂರುವವರಿಗೂ ಅಂಟು ಹಚ್ಚುವ ಹೊತ್ತಿಗೆ ಅದೇನೋ ಅವಸರ ಬಂದುಬಿಡುತ್ತದೆ. ಈ ಸಲ ಬರೀ ಅಂಟಿನ ಮಾತು.

ಪ್ರಶ್ನೆ: ನಾನೇ ಮಾಡಿದ ಮೊದಲ ಚಾಕುವಿಗೆ ಮರದ ಹಿಡಿಯನ್ನು ಐದು ನಿಮಿಷದ ಎಪಾಕ್ಸಿಯಲ್ಲಿ ಅಂಟಿಸಿದ್ದೆ. ಕೆಲವು ತಿಂಗಳು ಚೆನ್ನಾಗಿತ್ತು. ಈಗ ಒಂದು ಕಡೆ ಕೂದಲೆಳೆಯಷ್ಟು ಸಂದು ಬಿಟ್ಟಿದೆ. ತೊಳೆದಾಗಲೆಲ್ಲ ಅಲ್ಲಿಂದ ಕಂದು ನೀರು ಬರುತ್ತದೆ. ಇದಕ್ಕಿಂತ ಗಟ್ಟಿ ಅಂಟು ಯಾವುದಿದೆ?

ಕಂದು ನೀರು ಬರುತ್ತಿದೆ ಅಂದರೆ ಒಳಗೆ ತುಕ್ಕು ಶುರುವಾಗಿದೆ. ತಡ ಮಾಡದೆ ಬಿಚ್ಚಿ. ಬಿಚ್ಚುವುದು ಹೇಗೆ ಅಂತ ಕೆಳಗೆ ಇನ್ನೊಬ್ಬರಿಗೆ ಬರೆದಿದ್ದೇನೆ.

ಎಪಾಕ್ಸಿ ಅಂದರೆ ರೆಸಿನ್, ಹಾರ್ಡನರ್ ಅನ್ನುವ ಎರಡನ್ನು ಕಲಸಿ ಹಚ್ಚುವ ಅಂಟು. ಅದನ್ನು ಆರಿಸಿದ್ದು ಸರಿ. ಐದು ನಿಮಿಷದ್ದು ಆರಿಸಿದ್ದು ಸರಿಯಲ್ಲ. ಬೇಗ ಗಟ್ಟಿಯಾಗುವ ಎಪಾಕ್ಸಿಗಳು ಸಾಮಾನ್ಯವಾಗಿ ನಿಧಾನದ್ದಕ್ಕಿಂತ ದುರ್ಬಲ. ನೀರಿಗೂ ಬಿಸಿಗೂ ಬೇಗ ಸೋಲುತ್ತವೆ. ಇನ್ನೊಂದು ತೊಂದರೆ, ಹಿಡಿಯ ಎರಡು ಬದಿಯ ಪಟ್ಟಿ, ಅವನ್ನು ತೂರಿ ಹಿಡಿಯುವ ಪಿನ್ನು, ಕ್ಲ್ಯಾಂಪು ಎಲ್ಲವನ್ನೂ ಐದು ನಿಮಿಷದಲ್ಲಿ ಕೂರಿಸೋದು ಕಷ್ಟ. ಅರ್ಧ ಗಟ್ಟಿಯಾದ ಅಂಟನ್ನು ಆಮೇಲೆ ಅಲುಗಾಡಿಸಿದರೆ ಅದು ಮತ್ತೆ ಸರಿಯಾಗಿ ಕೂರುವುದಿಲ್ಲ. ಕಲಸಿದ ಮೇಲೆ ಅರ್ಧ ಗಂಟೆಯಾದರೂ ಕೆಲಸಕ್ಕೆ ಬರುವಂಥ, ಪೂರ್ತಿ ಬಿಗಿಯಲು 24 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಕೇಳುವಂಥ ಎಪಾಕ್ಸಿ ತೆಗೆದುಕೊಳ್ಳಿ. ಗಟ್ಟಿತನದ ಜೊತೆಗೆ ಸ್ವಲ್ಪ ಬಳುಕುವ ಗುಣ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಮರ ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉಕ್ಕು ಹಾಗೆ ಮಾಡುವುದಿಲ್ಲ. ನಡುವೆ ಸಿಕ್ಕಿಕೊಂಡ ಅಂಟು ಗಾಜಿನ ಥರ ಬಿರುಸಾಗಿದ್ದರೆ ಒಂದಲ್ಲ ಒಂದು ದಿನ ಬಿಡುತ್ತದೆ. ವೆಸ್ಟ್ ಸಿಸ್ಟಮ್ ಕಂಪನಿಯ ಜಿ-ಫ್ಲೆಕ್ಸ್ ಅನ್ನು ಚಾಕು ಮಾಡುವವರು ಇಷ್ಟಪಡುವುದು ಇದಕ್ಕೇ. ಮೂಲತಃ ಅದು ದೋಣಿ ಕಟ್ಟುವವರ ಅಂಟು. ಸಾಧಾರಣ ಕೋಣೆಯ ಬಿಸಿಯಲ್ಲಿ ಕಲಸಿದ ಬಟ್ಟಲಿನಲ್ಲೇ ಸುಮಾರು ಮುಕ್ಕಾಲು ಗಂಟೆ ಇರುತ್ತದೆ. ಅದೇ ಬೇಕು ಅಂತ ಹಟವಿಲ್ಲ, ಆ ಜಾತಿಯದ್ದು ಯಾವುದಾದರೂ ಸರಿ.

ಆದರೆ ನಿಮ್ಮ ಚಾಕು ಬಿಟ್ಟಿದ್ದಕ್ಕೆ ಅಂಟೊಂದೇ ಕಾರಣ ಅಂತ ನನಗೆ ಅನ್ನಿಸುತ್ತಿಲ್ಲ. ಈಚೆಗೆ ರಿಪೇರಿಗೆ ಬಂದ ಒಂದು ಚಾಕು ಬಿಚ್ಚಿದೆ. ಪಟ್ಟಿ ಕಳಚಿ ಬಂತು. ಅಂಟು ಪೂರ್ತಿ ಮರದ ಮೇಲೇ ಇತ್ತು, ಉಕ್ಕಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಉಕ್ಕಿಗೆ ತಾಗಿದ್ದ ಅಂಟಿನ ಮುಖ ಕನ್ನಡಿಯಷ್ಟು ನುಣುಪು. ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದರೆ, ಆ ನುಣುಪಿನ ನಡುವೆ ಯಾರದ್ದೋ ಹೆಬ್ಬೆರಳಿನ ಗೆರೆಗಳು ಸ್ಪಷ್ಟವಾಗಿ ಮೂಡಿದ್ದವು. ಮಾಡಿದವರು ಉಕ್ಕನ್ನು ಪಾಲಿಶ್ ಮಾಡಿದ್ದಾರೆ, ಒರೆಸಿದ್ದಾರೆ, ಆಮೇಲೆ ಬರಿಗೈಯಲ್ಲಿ ಮುಟ್ಟಿ ಜೋಡಿಸಿದ್ದಾರೆ. ಅಂಟು ಉಕ್ಕನ್ನು ಹಿಡಿದೇ ಇರಲಿಲ್ಲ. ಪಿನ್ನುಗಳ ಬಲದಲ್ಲಿ ಅಷ್ಟು ದಿನ ನಿಂತಿತ್ತು ಅಷ್ಟೇ. ಇಂಥ ಕಡೆ ಎಷ್ಟು ದುಬಾರಿ ಅಂಟು ಹಾಕಿದರೂ ಇದೇ ಗತಿ.

ಹಾಗಾಗಿ ಮೊದಲು ಟ್ಯಾಂಗ್ ಕಡೆ ನೋಡಿ. ಟ್ಯಾಂಗ್ ಅಂದರೆ ಹಿಡಿಯ ಒಳಗೆ ಹೋಗುವ ಉಕ್ಕಿನ ಭಾಗ, ಅದಕ್ಕೆ ಹೊಳಪು ಬೇಡ. 60 ಅಥವಾ 80ರ ಸ್ಯಾಂಡ್ ಪೇಪರಿನಲ್ಲಿ ಅಡ್ಡಾದಿಡ್ಡಿ ಗೀಚಿ. ಪಟ್ಟಿಯ ಒಳಮುಖಕ್ಕೂ ಅದೇ. ಎರಡೂ ಚಪ್ಪಟೆಯಾಗಿರಬೇಕು. ಪಟ್ಟಿಯನ್ನು ಟ್ಯಾಂಗ್ ಮೇಲಿಟ್ಟು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಬೆಳಕು ತೂರಬಾರದು. ಆಮೇಲೆ ಅಸಿಟೋನಿನಲ್ಲಿ ಒರೆಸಿ, ಹೊಸ ಬಟ್ಟೆ ತೆಗೆದುಕೊಂಡು ಮತ್ತೊಮ್ಮೆ ಒರೆಸಿ. ಬಟ್ಟೆಯಲ್ಲಿ ಕಪ್ಪು ಬರುವುದು ನಿಲ್ಲಬೇಕು. ಉಕ್ಕು ಶುದ್ಧವಾಗಿದೆಯೋ ಇಲ್ಲವೋ ತಿಳಿಯಲು ನಾಲ್ಕು ಹನಿ ನೀರು ಬಿಡಿ. ನೀರು ಹಾಳೆಯ ಹಾಗೆ ಹರಡಿಕೊಂಡರೆ ಸರಿ. ಗುಂಡಗೆ ಹನಿಗಟ್ಟಿ ನಿಂತರೆ ಇನ್ನೂ ಜಿಡ್ಡಿದೆ. ನೋಡಿದ ಮೇಲೆ ಪೂರ್ತಿ ಒಣಗಿಸಿ, ಕೈಗೆ ಗ್ಲೌಸ್ ಹಾಕಿ, ಆಮೇಲೆ ಅಲ್ಲಿಗೆ ಬೆರಳು ತಾಗಿಸಬೇಡಿ.

ಕ್ಲ್ಯಾಂಪನ್ನು ಮೈಮೇಲೆ ದೆವ್ವ ಬಂದ ಹಾಗೆ ಬಿಗಿಯುವವರಿದ್ದಾರೆ. ಅಂಟೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ. ಮರದ ಅಂಟಿಗೆ ಬಿಗಿ ಬೇಕು, ಎಪಾಕ್ಸಿಗೆ ತೆಳುವಾದ ಒಂದು ಪದರ ಒಳಗೆ ಉಳಿಯಬೇಕು. ಅಂಚಿನುದ್ದಕ್ಕೂ ಸಣ್ಣಗೆ ಅಂಟು ಇಣುಕಿದಾಗ ಬಿಗಿಯೋದು ನಿಲ್ಲಿಸಿ. ಟ್ಯಾಂಗಿನಲ್ಲಿ ಪಿನ್ನಿನದ್ದಲ್ಲದೆ ಇನ್ನೂ ಕೆಲವು ತೂತು ಕೊರೆದರೆ ಎರಡು ಪಟ್ಟಿಗಳ ಅಂಟು ಒಂದಕ್ಕೊಂದು ಸೇರಿ ಗಟ್ಟಿಯಾಗುತ್ತದೆ. ತೂಕವೂ ಇಳಿಯುತ್ತದೆ. ಉಕ್ಕಿಗೆ ಹದ ಹಾಕುವ ಮೊದಲೇ ಕೊರೆಯಿರಿ, ಆಮೇಲೆ ಡ್ರಿಲ್ ಬಿಟ್ ಸವೆಯುತ್ತದೆ.

ಅಲಗಿನ ಕಡೆ ಬರುವ ಪಟ್ಟಿಯ ಮುಂಭಾಗವನ್ನು ಅಂಟಿಸುವ ಮೊದಲೇ ಪೂರ್ತಿ ಪಾಲಿಶ್ ಮಾಡಿಡಿ. ಅಂಟಿಸಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ, ಹೋದರೆ ಅಲಗಿಗೆ ಗೀರು ಬೀಳುತ್ತದೆ. ಅಲ್ಲಿ ಹೊರಬಂದ ಅಂಟನ್ನು ಹಸಿಯಿರುವಾಗಲೇ ಹತ್ತಿಯ ಕಡ್ಡಿಯಲ್ಲಿ ತೆಗೆಯಿರಿ. ಕಡ್ಡಿಗೆ ಅಸಿಟೋನ್ ಇಷ್ಟೇ ಇಷ್ಟು. ತೊಟ್ಟಿಕ್ಕಿದರೆ ಸಂದಿಯೊಳಗೆ ಇಳಿದು ಅಂಟನ್ನೇ ಕೆಡಿಸುತ್ತದೆ.

ಪ್ರಶ್ನೆ: ಸೂಪರ್ ಗ್ಲೂ ಕ್ಷಣದಲ್ಲಿ ಹಿಡಿಯುತ್ತದೆ, ಎಳೆದರೂ ಬಿಡುವುದಿಲ್ಲ. ಅದನ್ನೇ ಯಾಕೆ ಹಾಕಬಾರದು?

ನೇರ ಎಳೆದರೆ ಬಿಡುವುದಿಲ್ಲ, ನಿಜ. ಚಾಕು ಕೆಳಗೆ ಬಿದ್ದರೆ ಬಿಡುತ್ತದೆ. ಅದು ಗಟ್ಟಿಯಾದ ಮೇಲೆ ತುಂಬಾ ಬಿರುಸು. ಏಟು ತಡೆಯುವುದಿಲ್ಲ, ಓರೆಯಾಗಿ ಸುಲಿಯುವ ಬಲವನ್ನೂ ತಡೆಯುವುದಿಲ್ಲ. ಸಂದು ತುಂಬುವ ಶಕ್ತಿಯಂತೂ ಇಲ್ಲವೇ ಇಲ್ಲ.

ಅದರ ಹುಟ್ಟೇ ಒಂದು ತಮಾಷೆ. 1942ರಲ್ಲಿ ಈಸ್ಟ್‌ಮನ್ ಕೊಡಾಕ್‌ನ ಹ್ಯಾರಿ ಕೂವರ್ ಮತ್ತು ಜೊತೆಗಾರರು ಬಂದೂಕಿನ ಗುರಿಗಾಜಿಗೆ ತಿಳಿಯಾದ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಈ ಸಾಮಾನು ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಅಂತ ಬೇಸತ್ತು ಪಕ್ಕಕ್ಕಿಟ್ಟರು. ಅಂಟಾಗಿ ಅಂಗಡಿಗೆ ಬಂದದ್ದು 1958ರಲ್ಲಿ.

ನನ್ನ ಬೆಂಚಿನ ಮೇಲೆ ಸೂಪರ್ ಗ್ಲೂ ಯಾವಾಗಲೂ ಇರುತ್ತದೆ. ಮರದ ಸಣ್ಣ ಬಿರುಕಿಗೆ ತೆಳುವಾದದ್ದನ್ನು ಹೀರಿಸುತ್ತೇನೆ. ಪಟ್ಟಿಗೂ ಉಕ್ಕಿಗೂ ನಡುವೆ ಬರುವ ತೆಳು ಹಾಳೆಯನ್ನು (ಲೈನರ್) ಪಟ್ಟಿಗೆ ಜೋಡಿಸುವಾಗ ತಾತ್ಕಾಲಿಕವಾಗಿ ಹಿಡಿದಿಡಲು ಬಳಸುತ್ತೇನೆ. ಹಿಡಿಗೆ ಹಾಕುವುದಿಲ್ಲ. ಒಂದು ಎಚ್ಚರ: ಅದನ್ನು ಹತ್ತಿ ಬಟ್ಟೆಯಲ್ಲಿ ಒರೆಸಬೇಡಿ. ಹತ್ತಿಗೆ ಸೋಕಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ಹೊಗೆಯೂ ಬರುತ್ತದೆ.

ಪ್ರಶ್ನೆ: ಇಷ್ಟು ಒಳ್ಳೆಯ ಅಂಟಿದ್ದ ಮೇಲೆ ಪಿನ್ ಯಾಕೆ? ಸುಮ್ನೆ ಚಂದಕ್ಕಾ?

ಚಂದಕ್ಕೂ ಹೌದು. ಆದರೆ ಹಿಡಿಯ ಮೇಲೆ ಬೀಳುವ ಏಟು, ಜಗ್ಗಾಟ ಇವನ್ನೆಲ್ಲ ತಡೆದುಕೊಳ್ಳುವುದು ಪಿನ್. ಅಂಟಿನ ದೊಡ್ಡ ಕೆಲಸ ನೀರನ್ನು ಹೊರಗಿಡುವುದು. ಪಟ್ಟಿ ಪಕ್ಕಕ್ಕೆ ಜಾರದಂತೆ ಪಿನ್ ನೋಡಿಕೊಂಡರೆ ಅಂಟಿನ ಮೇಲೆ ಭಾರ ಕಡಿಮೆ. ಎರಡೂ ಇರಲಿ. ಇನ್ನೂ ಭದ್ರ ಬೇಕಾದರೆ ಕಾರ್ಬಿ ಬೋಲ್ಟ್ ಹಾಕಿ. ಅದಕ್ಕೆ ಎರಡೂ ಕಡೆ ತಲೆ ಇರುವುದರಿಂದ ಅಂಟು ಬಿಟ್ಟರೂ ಪಟ್ಟಿ ಕಳಚಿ ಬರುವುದಿಲ್ಲ. ಪಿನ್ನಿನ ಮೈಯನ್ನೂ ಗೀಚಿ, ಒರೆಸಿ, ಅಂಟು ಸವರಿಯೇ ತೂರಿಸಿ. ಪಿನ್ನಿನ ಪಕ್ಕದಿಂದ ನೀರು ಇಳಿಯುವುದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ.

ಪಿನ್ನಿನಿಂದ ಒಂದು ಕಾಟವೂ ಇದೆ. ಅಂಟು ಒಣಗಿದ ಮೇಲೆ ಬೆಲ್ಟ್ ಗ್ರೈಂಡರಿನಲ್ಲಿ ಹಿಡಿಗೆ ಆಕಾರ ಕೊಡುತ್ತೀರಲ್ಲ, ಆಗ ಪಿನ್ ಬಿಸಿಯನ್ನು ಸೀದಾ ಒಳಗೆ ಸಾಗಿಸುತ್ತದೆ. ಬೇಯಿಸದೆ ಕೋಣೆಯಲ್ಲೇ ಗಟ್ಟಿಯಾದ ಎಪಾಕ್ಸಿಗಳು 50–60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗಲು ಶುರು. ಹೊಸ ಬೆಲ್ಟ್ ಹಾಕಿ, ಹಗುರವಾಗಿ ಒತ್ತಿ, ಆಗಾಗ ಪಿನ್ನಿಗೆ ಬೆರಳಿಟ್ಟು ನೋಡಿ. ಬೆರಳಿಡಲು ಆಗದಿದ್ದರೆ ಚಾಕು ಕೆಳಗಿಟ್ಟು ಬೇರೆ ಕೆಲಸ ನೋಡಿಕೊಳ್ಳಿ. ಪಾತ್ರೆ ತೊಳೆಯುವ ಮಷೀನಿಗೆ ಚಾಕು ಹಾಕಬೇಡಿ ಅನ್ನುವುದೂ ಈ ಬಿಸಿಯ ಕಾರಣಕ್ಕೇ.

ಪ್ರಶ್ನೆ: ಬೀಟೆ ಮರ, ತೇಗ ಎರಡಕ್ಕೂ ಅಂಟು ನಿಲ್ಲುತ್ತಿಲ್ಲ. ಕೊಂಬು, ಮೂಳೆ, ಮೈಕಾರ್ಟಾಗೆ ಬೇರೆ ಅಂಟು ಬೇಕಾ?

ಅಂಟು ಅದೇ, ತಯಾರಿ ಬೇರೆ. ಬೀಟೆ, ತೇಗದಲ್ಲಿ ಎಣ್ಣೆಯ ಅಂಶ ಇದೆ. ಒರೆಸಿದ ಮೇಲೂ ಒಳಗಿನಿಂದ ಮತ್ತೆ ಮೇಲೆ ಬರುತ್ತದೆ. ಹಿಂದಿನ ದಿನ ಒರೆಸಿಟ್ಟು ಮರುದಿನ ಅಂಟಿಸಿದರೆ ಒರೆಸಿದ್ದು ದಂಡ. ಹೊಸದಾಗಿ ಉಜ್ಜಿ, ಅಸಿಟೋನ್ ಹಾಕಿ ಒರೆಸಿ, ಅದು ಆರಿದ ಕೂಡಲೇ ಅಂಟು ಹಚ್ಚಿ. ಮೈಕಾರ್ಟಾ, ಜಿ-10 ಅಂದರೆ ಬಟ್ಟೆ, ಕಾಗದ ಅಥವಾ ಗಾಜಿನ ನಾರಿಗೆ ರೆಸಿನ್ ಹೀರಿಸಿ ಒತ್ತಿ ಮಾಡಿದ ಹಾಳೆಗಳು. ಅವುಗಳ ಮುಖ ಕಾರ್ಖಾನೆಯಿಂದಲೇ ನುಣುಪಾಗಿ ಬರುತ್ತದೆ. ಆ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಬೇಕು. ಮೂಳೆಗೆ ಹೆಚ್ಚು ತೊಂದರೆಯಿಲ್ಲ. ಕೊಂಬು ಮಾತ್ರ ಹವೆ ಬದಲಾದಂತೆ ಬಾಗುವ ಸಾಮಾನು, ಅದಕ್ಕೆ ಪಿನ್ ಇಲ್ಲದೆ ಕೈ ಹಾಕಬೇಡಿ. ಇವೆಲ್ಲದರ ಧೂಳೂ ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಕಡ್ಡಾಯ.

ಪ್ರಶ್ನೆ: ಎಪಾಕ್ಸಿ ಎರಡು ದಿನವಾದರೂ ಜಿಗುಟಾಗೇ ಇದೆ. ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕಿದ್ದೆ, ಬೇಗ ಗಟ್ಟಿಯಾಗಲಿ ಅಂತ.

ಅದೇ ಕಾರಣ. ಹಾರ್ಡನರ್ ಅಂದರೆ ಒಲೆಗೆ ಹಾಕುವ ಸೌದೆಯಲ್ಲ, ಹೆಚ್ಚು ಹಾಕಿದರೆ ಬೇಗ ಆಗಲು. ರೆಸಿನ್ ಮತ್ತು ಹಾರ್ಡನರ್ ಲೆಕ್ಕಕ್ಕೆ ಸರಿಯಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹೆಚ್ಚಾದದ್ದು ಹಾಗೇ ಉಳಿದು ಜಿಗುಟಾಗುತ್ತದೆ. ಡಬ್ಬಿಯ ಮೇಲಿನ ಅಳತೆ ಗಾತ್ರದ್ದೋ ತೂಕದ್ದೋ ಸರಿಯಾಗಿ ಓದಿಕೊಳ್ಳಿ, ಎರಡೂ ಒಂದೇ ಆಗಿರಬೇಕಿಲ್ಲ. ಸಣ್ಣ ಪ್ರಮಾಣಕ್ಕೆ ತಕ್ಕಡಿಯೇ ವಾಸಿ. ಬಟ್ಟಲಿನ ಅಂಚು, ತಳ ಕೆರೆಯುತ್ತಾ ಎರಡು ನಿಮಿಷ ಕಲಸಿ. ಕೋಣೆ ತುಂಬಾ ತಣ್ಣಗಿದ್ದರೂ ಹೀಗಾಗಬಹುದು. ಬೇಗ ಆಗಬೇಕಾದರೆ ಬೆಚ್ಚಗಿನ ಕಡೆ ಇಡಿ. ಬಿಸಿ ಹತ್ತು ಡಿಗ್ರಿ ಏರಿದರೆ ಗಟ್ಟಿಯಾಗುವ ಹೊತ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ಜಿಗುಟು ಇನ್ನು ಸರಿಹೋಗುವುದಿಲ್ಲ. ಕೆರೆದು ತೆಗೆದು ಮತ್ತೆ ಶುರು ಮಾಡಿ.

ಇನ್ನು ಮುಂದೆ ಕಲಸಿದ್ದರಲ್ಲಿ ಚೂರು ಬಟ್ಟಲಲ್ಲೇ ಬಿಡಿ. ಚಾಕು ಮುಟ್ಟಿ ನೋಡುವ ಬದಲು ಅದನ್ನು ಮುಟ್ಟಿ ನೋಡಬಹುದು, ಅಲ್ವಾ?

ಪ್ರಶ್ನೆ: ಟ್ಯಾಂಗ್ ಹಿಡಿಯೊಳಗೆ ಪೂರ್ತಿ ಮುಚ್ಚಿಹೋಗುವ ಚಾಕುವಿಗೂ ಎಪಾಕ್ಸಿಯೇನಾ? ಹಿಂದಿನವರು ಏನು ಹಾಕುತ್ತಿದ್ದರು?

ಹಿಂದಿನವರು ಅರಗು ಹಾಕುತ್ತಿದ್ದರು, ಅಥವಾ ಮರದ ರಾಳ. ಬರೀ ರಾಳ ಪುಡಿಪುಡಿಯಾಗುತ್ತದೆ ಅಂತ ಅದಕ್ಕೆ ಸ್ವಲ್ಪ ಜೇನುಮೇಣ, ಜೊತೆಗೆ ಇಟ್ಟಿಗೆ ಪುಡಿ ಅಥವಾ ಇದ್ದಿಲ ಪುಡಿ ಬೆರೆಸುತ್ತಿದ್ದರು. ತೂತಿಗೆ ತುಂಬಿ, ಟ್ಯಾಂಗ್ ಬಿಸಿ ಮಾಡಿ ಒಳಗೆ ತಳ್ಳಿದರೆ ಆಯ್ತು. ಹಿಡಿ ಹಳತಾದರೆ ಮತ್ತೆ ಬಿಸಿ ಮಾಡಿ ಎಳೆದು ತೆಗೆಯಬಹುದು. ಎಪಾಕ್ಸಿಗಿಂತ ಇದೊಂದು ಅನುಕೂಲ ಜಾಸ್ತಿ. ಬಿಸಿನೀರು, ಉರಿ ಬಿಸಿಲು ಮಾತ್ರ ಅದಕ್ಕೆ ಆಗಿಬರುವುದಿಲ್ಲ.

ಎಪಾಕ್ಸಿ ಹಾಕುವುದಾದರೆ ತೂತಿನ ಬಾಯಿಯಿಂದ ಸುರಿಯಬೇಡಿ, ತಳದಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಸಿರಿಂಜಿನಲ್ಲಿ ತಳದಿಂದ ಮೇಲಕ್ಕೆ ತುಂಬುತ್ತಾ ಬನ್ನಿ. ಟ್ಯಾಂಗಿನ ಅಂಚಿಗೆ ಅರದಲ್ಲಿ ನಾಲ್ಕಾರು ಕಚ್ಚು ಹಾಕಿ. ಅಂಟು ಅದರೊಳಗೆ ಹೊಕ್ಕು ಗಟ್ಟಿಯಾದರೆ ಟ್ಯಾಂಗ್ ಜಾರಿ ಬರುವ ಮಾತೇ ಇಲ್ಲ.

ಪ್ರಶ್ನೆ: ಅಲಗಿನ ಹದ ಕೆಡದ ಹಾಗೆ ಹಳೆಯ ಹಿಡಿ ಬಿಚ್ಚುವುದು ಹೇಗೆ?

ಕುದಿಯುವ ನೀರಿನಲ್ಲಿ. ನೀರು ಎಷ್ಟು ಕುದಿದರೂ 100 ಡಿಗ್ರಿ ಮೀರುವುದಿಲ್ಲ. ಚಾಕುವಿನ ಉಕ್ಕನ್ನು ಹದಕ್ಕೆ ತರುವುದು ಸಾಮಾನ್ಯವಾಗಿ 150 ಡಿಗ್ರಿಗಿಂತ ಮೇಲೆ, 200ರ ಆಸುಪಾಸಿನಲ್ಲಿ. ಹಾಗಾಗಿ ಹದ ಅಲ್ಲಾಡುವುದಿಲ್ಲ, ಅಂಟು ಮಾತ್ರ ಮೆತ್ತಗಾಗುತ್ತದೆ. ಮೊದಲು ಅಲಗಿನ ಬಾಯಿಗೆ ದಪ್ಪ ಟೇಪು ಸುತ್ತಿ, ಪಿನ್ನುಗಳನ್ನು ಕೊರೆದು ಅಥವಾ ಪಂಚಿನಲ್ಲಿ ಹೊಡೆದು ತೆಗೆಯಿರಿ. ಹಿಡಿಯನ್ನು ನೀರಿನಲ್ಲಿ ಚೆನ್ನಾಗಿ ಕಾಯಿಸಿ, ಬಿಸಿಯಿರುವಾಗಲೇ ತೆಳು ಉಳಿಯನ್ನು ಸಂದಿಗೆ ಇಟ್ಟು ಎಬ್ಬಿಸಿ. ಮರ ಹಾಳಾಗಬಹುದು, ಅದರ ಆಸೆ ಬಿಡಿ. ಉಕ್ಕನ್ನು ತಕ್ಷಣ ಒಣಗಿಸಿ. ಗ್ಯಾಸ್ ಉರಿ ಮಾತ್ರ ತೋರಿಸಬೇಡಿ. ಹದವೂ ಹೋಗುತ್ತದೆ, ಸುಟ್ಟ ಎಪಾಕ್ಸಿಯ ಹೊಗೆಯೂ ವಿಷ.

ಪ್ರಶ್ನೆ: ಎಪಾಕ್ಸಿ ಮುಟ್ಟಿದಾಗೆಲ್ಲ ಬೆರಳ ಸಂದು ಕೆಂಪಾಗಿ ತುರಿಸುತ್ತದೆ.

ಅಲರ್ಜಿ ಇರಬಹುದು, ಚರ್ಮದ ವೈದ್ಯರನ್ನು ನೋಡಿ. ಇದು ಒಮ್ಮೆ ಅಂಟಿಕೊಂಡರೆ ಸಾಮಾನ್ಯವಾಗಿ ಬಿಟ್ಟು ಹೋಗುವುದಿಲ್ಲ, ಮುಟ್ಟಿದಷ್ಟೂ ಹೆಚ್ಚುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿ. ಆದರೆ ಅಸಿಟೋನ್ ಅದರೊಳಗೂ ಬೇಗ ತೂರುತ್ತದೆ, ಹಾಗಾಗಿ ಒರೆಸಿದ ಮೇಲೆ ಗ್ಲೌಸ್ ಬದಲಿಸಿ. ಚರ್ಮಕ್ಕೆ ಮೆತ್ತಿದ ಎಪಾಕ್ಸಿಯನ್ನು ಅಸಿಟೋನಿನಲ್ಲಿ ತೊಳೆಯುವ ಚಾಳಿ ಇದ್ದರೆ ಇವತ್ತೇ ಬಿಡಿ. ಸೋಪು, ನೀರು ಸಾಕು.

ಪ್ರಶ್ನೆ: ರೆಸಿನ್ ಬಾಟಲಿಯೊಳಗೆ ಬಿಳಿ ಹರಳು ಕಟ್ಟಿದೆ. ಎಸೆಯಲಾ?

ಬೇಡ. ತಣ್ಣಗಿನ ಕಡೆ ಇಟ್ಟರೆ ರೆಸಿನ್ ಹರಳುಗಟ್ಟುವುದುಂಟು. ಮುಚ್ಚಳ ಸಡಿಲ ಮಾಡಿ, 50 ಡಿಗ್ರಿ ಬಿಸಿಯ ನೀರಿನಲ್ಲಿ ಬಾಟಲಿ ನಿಲ್ಲಿಸಿ. ಹರಳು ಪೂರ್ತಿ ಕರಗಿ ತಿಳಿಯಾಗುವವರೆಗೆ ಬಿಡಿ, ನೀರು ಒಳಗೆ ಹೋಗದಂತೆ ನೋಡಿಕೊಳ್ಳಿ. ತಣ್ಣಗಾದ ಮೇಲೆ ಬಳಸಿ. ಮುಚ್ಚಳ ಹಾಕುವಾಗ ರೆಸಿನ್ನಿನದ್ದು ರೆಸಿನ್ನಿಗೆ, ಹಾರ್ಡನರಿನದ್ದು ಹಾರ್ಡನರಿಗೆ. ಅದಲು ಬದಲಾದರೆ ಮುಂದಿನ ಸಲ ಬಾಟಲಿ ತೆರೆಯಲು ಇಕ್ಕಳ ಬೇಕಾಗುತ್ತದೆ.