ಒತ್ತಿದ ಕ್ಲಚ್ ಮೇಲೆ ಬರುತ್ತಿಲ್ಲವೇ? ಗೇರ್ ಬಾಕ್ಸ್ ಇಳಿಸಲು ಅವಸರ ಬೇಡ

ಪ್ರಶ್ನೆ: ನನ್ನದು 2003ರ ಟೊಯೋಟಾ ಕ್ವಾಲಿಸ್, ಡೀಸೆಲ್. ನಾಲ್ಕು ತಿಂಗಳು ಶೆಡ್‌ನಲ್ಲೇ ನಿಂತಿತ್ತು. ಮತ್ತೆ ಓಡಿಸಲು ಶುರು ಮಾಡಿದ ಮೇಲೆ, ಒತ್ತಿದ ಕ್ಲಚ್ ಪೆಡಲ್ ಒಮ್ಮೊಮ್ಮೆ ಕೆಳಗೇ ಕೂತುಬಿಡುತ್ತದೆ. ಕಾಲ್ಬೆರಳು ಕೆಳಗೆ ತೂರಿಸಿ ಎತ್ತಬೇಕು. ಬೆಳಿಗ್ಗೆ ಸರಿಯಿರುತ್ತದೆ, ನೆಲಮಂಗಲದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ತೊಂದರೆ ಜಾಸ್ತಿ. ಗೇರ್ ಬಾಕ್ಸ್ ಇಳಿಸಿ ಪೂರ್ತಿ ಕ್ಲಚ್ ಸೆಟ್ ಬದಲಾಯಿಸಬೇಕು ಅಂತ ಮೆಕ್ಯಾನಿಕ್ ಹೇಳುತ್ತಾರೆ. ಅದು ನಿಜವಾ?
– ಓದುಗರೊಬ್ಬರು, ತುಮಕೂರು

ಉತ್ತರ: ಇರಬಹುದು. ಆದರೆ ನೀವು ಬರೆದಿರುವುದನ್ನು ನೋಡಿದರೆ ನನ್ನ ಅನುಮಾನ ಮೊದಲು ಹೋಗುವುದು ಕ್ಲಚ್ ಪ್ಲೇಟಿನ ಮೇಲಲ್ಲ, ಆಯಿಲ್ ಮತ್ತು ಸೀಲುಗಳ ಮೇಲೆ. ಬಿಡದಿಯಲ್ಲಿ ತಯಾರಾಗುತ್ತಿದ್ದ ಕ್ವಾಲಿಸ್, 2005ರಲ್ಲಿ ಇನ್ನೋವಾ ಬಂದ ಹೊತ್ತಿಗೆ ನಿಂತುಹೋಯಿತು. ಅಂದರೆ ಈಗ ಓಡುತ್ತಿರುವ ಎಲ್ಲ ಕ್ವಾಲಿಸ್‌ಗೂ ವಯಸ್ಸಾಗಿದೆ. ಕಬ್ಬಿಣ ಗಟ್ಟಿಯಾಗೇ ಇರುತ್ತದೆ, ರಬ್ಬರ್ ಸೋಲುತ್ತದೆ.

ಇದರಲ್ಲಿ ಕ್ಲಚ್ ಕೇಬಲ್ ಇಲ್ಲ. ಪೆಡಲ್ ಒತ್ತಿದಾಗ ಮೇಲಿನ ಮಾಸ್ಟರ್ ಸಿಲಿಂಡರ್ ಆಯಿಲ್ ತಳ್ಳುತ್ತದೆ. ಆ ಒತ್ತಡ ಪೈಪು, ಹೋಸ್ ದಾಟಿ ಗೇರ್ ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್‌ಗೆ ಬರುತ್ತದೆ. ಸ್ಲೇವ್‌ನ ಕಡ್ಡಿ, ಕ್ಲಚ್ ಬಿಡಿಸುವ ಸನ್ನೆಯಾದ ಫೋರ್ಕನ್ನು ತಳ್ಳುತ್ತದೆ. ಕಾಲು ತೆಗೆದರೆ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಇದೇ ದಾರಿಯಲ್ಲಿ ಎಲ್ಲವನ್ನೂ ವಾಪಸ್ ನೂಕುತ್ತದೆ. ನಿಮ್ಮ ಗಾಡಿಯಲ್ಲಿ ಈ ವಾಪಸ್ ನೂಕು ಎಲ್ಲೋ ನಿಂತುಹೋಗುತ್ತಿದೆ. ಎಲ್ಲಿ ಅಂತ ಕಂಡುಹಿಡಿಯಲು ಗೇರ್ ಬಾಕ್ಸ್ ಇಳಿಸಬೇಕಾಗಿಲ್ಲ.

ಮೊದಲು ಕಾಲಡಿಯ ಮ್ಯಾಟ್ ತೆಗೆಯಿರಿ. ಹಳೆ ಕಾರ್ಪೆಟ್ ಮೇಲೆ ಎರಡು ರಬ್ಬರ್ ಮ್ಯಾಟ್ ಹಾಸಿ, ಪೆಡಲ್ ಅದರ ಅಂಚಿಗೆ ಸಿಕ್ಕಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ಆಮೇಲೆ ಪೆಡಲ್ ಮೇಲುಗಡೆಯ ಪಿನ್, ಬುಷ್ ಒಣಗಿವೆಯಾ, ಸ್ಪ್ರಿಂಗ್ ಜಾಗದಲ್ಲಿದೆಯಾ ನೋಡಿ.

ಈಗ ಬಾನೆಟ್ ಎತ್ತಿ ಕ್ಲಚ್ ಆಯಿಲ್ ಡಬ್ಬಿ ನೋಡಿ. ಬ್ರೇಕ್ ಪ್ಯಾಡ್ ಸವೆದಂತೆ ಬ್ರೇಕ್ ಆಯಿಲ್ ಮಟ್ಟ ಸ್ವಲ್ಪ ಇಳಿಯುವುದು ಸಹಜ. ಕ್ಲಚ್‌ನಲ್ಲಿ ಹಾಗಲ್ಲ. ಇಲ್ಲಿ ಮಟ್ಟ ಇಳಿದಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಆಯಿಲ್ ಹೊಸದರಲ್ಲಿ ತಿಳಿ ಜೇನಿನ ಬಣ್ಣ ಇರುತ್ತದೆ. ಕಾಫಿ ಡಿಕಾಕ್ಷನ್ ಥರ ಕಪ್ಪಾಗಿದ್ದರೆ ಅದು ನೀರು ಹೀರಿದೆ, ರಬ್ಬರ್ ಸವೆದು ಅದರಲ್ಲಿ ಸೇರಿದೆ. ನಾಲ್ಕು ತಿಂಗಳು ನಿಂತ ಗಾಡಿಯಲ್ಲಿ ಈ ನೀರಿನಿಂದಲೇ ಸಿಲಿಂಡರ್ ಒಳಗೆ ತುಕ್ಕು ಹಿಡಿಯುತ್ತದೆ. ಬಿಸಿಯಾದಾಗ ಆಯಿಲ್ ತೆಳುವಾಗಿ ಸೋತ ಸೀಲನ್ನು ಸುಲಭವಾಗಿ ದಾಟುತ್ತದೆ. ನಿಮ್ಮ ಟ್ರಾಫಿಕ್ ತೊಂದರೆಗೆ ಇದೇ ಕಾರಣ ಇರಬೇಕು ಅನ್ನಿಸುತ್ತದೆ.

ಇಂಜಿನ್ ಆಫ್ ಮಾಡಿ, ಡ್ರೈವರ್ ಸೀಟಿನ ಮುಂದೆ ಬಗ್ಗಿ ಕೂತು, ಮಾಸ್ಟರ್ ಸಿಲಿಂಡರ್‌ನ ಕಡ್ಡಿ ಒಳಗೆ ಬರುವ ಜಾಗವನ್ನು ಬೆರಳಿನಿಂದ ಸವರಿ. ಒದ್ದೆ ಇದ್ದರೆ, ಕೆಳಗಿನ ಪೇಂಟ್ ಸುಲಿದಿದ್ದರೆ, ಮಾಸ್ಟರ್ ಸೀಲ್ ಹೋಗಿದೆ. ಕೈ ತೊಳೆದುಕೊಳ್ಳಿ, ಆ ಆಯಿಲ್ ಪೇಂಟನ್ನೇ ತಿನ್ನುತ್ತದೆ. ಹೊರಗೆ ಏನೂ ಸೋರದೆ ಸೀಲ್ ಒಳಗೊಳಗೇ ಸೋಲುವುದೂ ಉಂಟು. ಆಗ ಪೆಡಲನ್ನು ಒಂದೇ ಸಮ ಒತ್ತಿ ಹಿಡಿದರೆ ಅದು ಮೆಲ್ಲಗೆ ನೆಲಕ್ಕೆ ಇಳಿಯುತ್ತದೆ. ನಾಲ್ಕೈದು ಸಲ ಬೇಗ ಬೇಗ ಒತ್ತಿದಾಗ ಪೆಡಲ್ ಎತ್ತರವಾಗಿ ಗಟ್ಟಿಯಾಗುತ್ತಿದ್ದರೆ ಒಳಗೆ ಏರ್ ಇದೆ.

ಮುಖ್ಯವಾದ ಪರೀಕ್ಷೆಗೆ ಇಬ್ಬರು ಬೇಕು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಜಾಕ್ ಒಂದನ್ನೇ ನಂಬಿ ಯಾವತ್ತೂ ಗಾಡಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಲೇಬೇಕು. ಇಂಜಿನ್ ಆಫ್ ಇರಲಿ. ಒಬ್ಬರು ಪೆಡಲ್ ಒತ್ತಿ ಬಿಡಲಿ, ಇನ್ನೊಬ್ಬರು ಕೆಳಗಿನಿಂದ ಸ್ಲೇವ್‌ನ ಕಡ್ಡಿಯನ್ನೇ ನೋಡಲಿ. ಪೆಡಲ್ ಕೂತ ಕ್ಷಣದಲ್ಲಿ ಆ ಕಡ್ಡಿ ಎಲ್ಲಿದೆ?

ಕಡ್ಡಿ ಪೂರ್ತಿ ವಾಪಸ್ ಬಂದಿದೆ, ಪೆಡಲ್ ಮಾತ್ರ ಕೆಳಗಿದೆ ಅಂದರೆ ತೊಂದರೆ ಮೇಲ್ಗಡೆ: ಮಾಸ್ಟರ್, ಪೆಡಲ್, ಇಲ್ಲವೇ ಏರ್. ಕಡ್ಡಿಯೂ ಚಾಚಿಕೊಂಡೇ ನಿಂತಿದ್ದರೆ ಸ್ಲೇವ್‌ನ ನಿಪ್ಪಲ್ (ಏರ್ ತೆಗೆಯುವ ಸಣ್ಣ ಸ್ಕ್ರೂ) ಅರ್ಧ ಸುತ್ತು ಸಡಿಲ ಮಾಡಿ. ಆಯಿಲ್ ಚಿಮ್ಮಿ ಕಡ್ಡಿ ಸರಕ್ಕನೆ ಹಿಂದೆ ಹೋದರೆ, ಆಯಿಲ್ ವಾಪಸ್ ಹೋಗಲು ದಾರಿ ಸಿಗುತ್ತಿರಲಿಲ್ಲ ಅಂತ ಅರ್ಥ. ಹೋಸ್ ಒಳಗಿನ ರಬ್ಬರ್ ಊದಿ ಮುಚ್ಚಿಕೊಂಡಿರಬಹುದು, ಹೊರಗಿಂದ ನೋಡಿದರೆ ಅದು ಚೆನ್ನಾಗೇ ಕಾಣುತ್ತದೆ. ಮಾಸ್ಟರ್‌ನ ಸಣ್ಣ ರಂಧ್ರ ಕಟ್ಟಿಕೊಂಡಿದ್ದರೂ ಹೀಗೇ ಆಗುತ್ತದೆ. ನಿಪ್ಪಲ್ ಬಿಟ್ಟರೂ ಕಡ್ಡಿ ಅಲ್ಲಾಡದಿದ್ದರೆ ಸ್ಲೇವ್ ಬಿಚ್ಚಿ ನೋಡಿ. ಅದರ ಪಿಸ್ಟನ್ ತುಕ್ಕಿನಲ್ಲಿ ಕಚ್ಚಿಕೊಂಡಿರಬಹುದು. ಸ್ಲೇವ್ ಸರಿಯಿದ್ದು ಫೋರ್ಕೇ ಬಿಗಿಯಾಗಿದ್ದರೆ ಮಾತ್ರ ರಿಲೀಸ್ ಬೇರಿಂಗ್, ಪ್ರೆಶರ್ ಪ್ಲೇಟಿನ ಸರದಿ. ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ, ಗೇರ್ ಬಾಕ್ಸ್ ಇಳಿಸಲೇಬೇಕು.

ಸಿಲಿಂಡರ್ ಬಿಚ್ಚಿಸಿದರೆ ಒಳಗಿನ ಗೋಡೆಯನ್ನು ನೀವೇ ಉಗುರಿನಿಂದ ಸವರಿ ನೋಡಿ. ಉಗುರಿಗೆ ಗುಳಿ ಸಿಕ್ಕಿದರೆ ಹೊಸ ಸೀಲ್ ಹಾಕಿಸುವುದು ದಂಡ, ಕೆಲವೇ ದಿನಕ್ಕೆ ಅದೂ ಹರಿಯುತ್ತದೆ. ಪೂರ್ತಿ ಸಿಲಿಂಡರನ್ನೇ ಬದಲಾಯಿಸಿ. ಮಾಸ್ಟರ್, ಸ್ಲೇವ್ ಎರಡೂ ಒಂದೇ ವಯಸ್ಸಿನವಾದರೆ ಎರಡನ್ನೂ ಒಟ್ಟಿಗೆ ಮಾಡಿಸುವುದು ನನ್ನ ಸಲಹೆ, ಹೋಸ್ ಕೂಡ. ಒಂದು ಹೊಸದಾಗಿ ಪೂರಾ ಒತ್ತಡ ಕೊಡಲು ಶುರು ಮಾಡಿದರೆ ಹಳೆಯ ಇನ್ನೊಂದು ಸೋರುವುದು ತೀರಾ ಮಾಮೂಲು.

ಕೊನೆಗೆ ಏರ್ ತೆಗೆಸಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಬಿಟ್ಟು ಮತ್ತೆ ಮುಚ್ಚಬೇಕು, ಮುಚ್ಚಿದ ಮೇಲಷ್ಟೇ ಪೆಡಲ್ ಬಿಡಬೇಕು. ನಿಪ್ಪಲ್‌ಗೆ ಸಣ್ಣ ಪೈಪ್ ಹಾಕಿ ಅದರ ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಲಿ. ಗುಳ್ಳೆ ನಿಲ್ಲುವ ತನಕ ಮಾಡಿ. ಮೇಲಿನ ಡಬ್ಬಿ ಖಾಲಿಯಾಗಲು ಬಿಟ್ಟರೆ ಮತ್ತೆ ಮೊದಲಿನಿಂದ ಶುರು!

ಪ್ರಶ್ನೆ: ದಾರಿಯಲ್ಲಿ ಕ್ಲಚ್ ಆಯಿಲ್ ಖಾಲಿಯಾದರೆ ಅರ್ಜೆಂಟಿಗೆ ಇಂಜಿನ್ ಆಯಿಲ್ ಹಾಕಬಹುದಾ?
– ಓದುಗರೊಬ್ಬರು, ಹಾಸನ

ಉತ್ತರ: ಒಂದು ಹನಿಯೂ ಬೇಡ. ಇಂಜಿನ್ ಆಯಿಲ್ ತಾಗಿದರೆ ಈ ಸೀಲುಗಳ ರಬ್ಬರ್ ಊದಿಕೊಳ್ಳುತ್ತದೆ. ಮಾಸ್ಟರ್, ಸ್ಲೇವ್, ಹೋಸ್ ಎಲ್ಲವೂ ಹಾಳು. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಬ್ರೇಕ್ ಆಯಿಲ್ ಮಾತ್ರ ಹಾಕಿ. ಡಾಟ್ 3 ಬದಲು ಡಾಟ್ 4 ಹಾಕಿದರೂ ನಡೆಯುತ್ತದೆ, ಸಿಲಿಕೋನ್‌ನ ಡಾಟ್ 5 ಮಾತ್ರ ಬೆರೆಸಬೇಡಿ. ಸೀಲ್ ಒಡೆಯದ ಸಣ್ಣ ಬಾಟಲಿ ಒಂದನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಒಮ್ಮೆ ತೆರೆದ ಬಾಟಲಿ ವರ್ಷಗಟ್ಟಲೆ ಇಟ್ಟರೆ ಅದೂ ಗಾಳಿಯ ನೀರು ಹೀರಿರುತ್ತದೆ.